ಬೀರೂರು ಜಂಕ್ಷನ್ನಿಂದ ಕಾಣೆಯಾದ ತಂಡಗಳ ಕಡೆಗೆ!

ಕಡೂರಿನಲ್ಲಿ ರೈಲು ಹತ್ತಿ. ಬೀರೂರಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ತರೀಕೆರೆ ದಾಟಿ ಭದ್ರಾವತಿಗೆ, ಇನ್ನೊಂದು ಅಜ್ಜಂಪುರ ದಾಟಿ ದಾವಣಗೆರೆ ಕಡೆಗೆ. ಈ ಹಳಿಗಳ ಗುಂಟ, ಈಗ ಇಲ್ಲವೇ ಇಲ್ಲದ ತಂಡಗಳ ಕತೆಗಳು ಸಾಲಾಗಿ ಸಿಗುತ್ತವೆ. ನಿಮಗಿದು ಗೊತ್ತೇ?

ಮೊದಲು ಕಡೂರು. 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್ ಫೈನಲ್ ಆಡಿದ ವೇದಾ ಕೃಷ್ಣಮೂರ್ತಿ ಇದೇ ಊರಿನವರು. ಅವರು ಆಡಿದ ಒಂದು ತಂಡದ ಹೆಸರು ‘ವೆಲಾಸಿಟಿ’. ಆ ತಂಡಕ್ಕೆ ಊರೇ ಇರಲಿಲ್ಲ! ಮಹಿಳಾ ಟಿ20 ಚಾಲೆಂಜ್‌ಗೆಂದು 2019ರಲ್ಲಿ ಹುಟ್ಟಿತು, 2022ರ ನಂತರ ಮಾಯವಾಯಿತು.

ಅದರ ಇಡೀ ಆಯುಷ್ಯದ ಲೆಕ್ಕ ಎಷ್ಟು ಗೊತ್ತೇ? ಬರೀ 8 ಪಂದ್ಯ! ಎರಡು ಸಲ ಫೈನಲ್‌ಗೆ ಬಂತು. ಒಂದನ್ನು ಕೊನೇ ಎಸೆತದಲ್ಲಿ ಕಳೆದುಕೊಂಡಿತು, ಇನ್ನೊಂದನ್ನು 4 ರನ್ನಿನಿಂದ. 2020ರಲ್ಲಿ ಶಾರ್ಜಾದಲ್ಲಿ 47ಕ್ಕೆ ಆಲೌಟ್! ನಮ್ಮ ಜಾತ್ರೆ ಟೂರ್ನಮೆಂಟಿನ ಹುಡುಗರೂ ಇದಕ್ಕಿಂತ ಹೆಚ್ಚು ಮ್ಯಾಚ್ ಆಡಿರುತ್ತಾರೆ, ಬಿಡಿ.

ಈಗ ತರೀಕೆರೆ ಕಡೆಯ ಹಳಿ. ಮುಂದೆ ಸಿಗುವ ಭದ್ರಾವತಿ, ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು. ರಣಜಿಯಲ್ಲಿ ಅವರು ಮೊದಲು ಆಡಿದ್ದು ಕರ್ನಾಟಕಕ್ಕಲ್ಲ, ‘ಮೈಸೂರು’ ತಂಡಕ್ಕೆ. 1967, ವಿಜಯವಾಡ, ಎದುರಾಳಿ ಆಂಧ್ರ. 18ರ ಹುಡುಗ ಮೊದಲ ಪಂದ್ಯದಲ್ಲೇ ಹೊಡೆದದ್ದು 230!

ಈ ಮೈಸೂರು ತಂಡದ ಹಣೆಬರಹವೇ ವಿಚಿತ್ರ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ್ದು ಅದೇ. 1934ರ ನವೆಂಬರ್ 4, ಚೆಪಾಕ್, ಎದುರಿಗೆ ಮದ್ರಾಸ್. ಪಂದ್ಯ ಎಷ್ಟು ದಿನ ನಡೆಯಿತು ಹೇಳಿ? ಒಂದೇ ದಿನ! ಮೈಸೂರು 48ಕ್ಕೆ ಔಟ್. ಮದ್ರಾಸ್ 130. ಮತ್ತೆ ಮೈಸೂರು 59ಕ್ಕೆ ಔಟ್. ಮದ್ರಾಸ್‌ನ ಎ.ಜಿ. ರಾಮ್ ಸಿಂಗ್ ಒಬ್ಬರೇ 35 ರನ್ ಕೊಟ್ಟು 11 ವಿಕೆಟ್ ಕಿತ್ತರು. ಸಂಜೆ ಎಲ್ಲರೂ ಮನೆಗೆ!

ಆಮೇಲೆ ಎರಡು ಸಲ ಫೈನಲ್ ತಲುಪಿತು. 1941–42ರಲ್ಲಿ ಮುಂಬೈ ಎದುರು ಸೋಲು. 1959–60ರಲ್ಲಿ? ಮತ್ತದೇ ಮುಂಬೈ, ಮತ್ತದೇ ಸೋಲು!

1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕ ಆಯಿತು. ಮೈಸೂರು ತಂಡವೂ ಹೆಸರಿನೊಂದಿಗೆ ಹೋಯಿತು. ಅದೇ ಸೀಸನ್ನಿನ ಸೆಮಿಫೈನಲ್ ಬೆಂಗಳೂರಿನಲ್ಲಿ, ಎದುರಿಗೆ ಮತ್ತೆ ಮುಂಬೈ. ಸತತ 15 ವರ್ಷ ಕಪ್ ಬಿಟ್ಟುಕೊಡದ ತಂಡ ಅದು. ವಿಶ್ವನಾಥ್ 162 ಹೊಡೆದರು. ಪ್ರಸನ್ನರ ಎಸೆತಕ್ಕೆ ಗಾವಸ್ಕರ್ ಬೌಲ್ಡ್, ವಾಡೇಕರ್ ರನೌಟ್. ಕರ್ನಾಟಕ 385, ಮುಂಬೈ 307. ಮೊದಲ ಇನಿಂಗ್ಸ್ ಲೀಡ್ ಸಾಕಾಯಿತು! ಫೈನಲ್‌ನಲ್ಲಿ ರಾಜಸ್ಥಾನವನ್ನೂ ಮಣಿಸಿ ಕಪ್ ಮನೆಗೆ ಬಂತು. ನಾಲ್ಕು ದಶಕ ಒಲಿಯದ ರಣಜಿ, ಹೆಸರು ಬದಲಾದ ವರ್ಷವೇ ಒಲಿಯಿತು! ಸಂಖ್ಯಾಶಾಸ್ತ್ರದವರ ಕಿವಿಗೆ ಇದು ಬೀಳದಿರಲಿ.

ಫುಟ್‌ಬಾಲ್‌ನಲ್ಲಿ ನೋಡಿದರೆ ಪೂರಾ ಉಲ್ಟಾ! ಮೈಸೂರು ಹೆಸರಿನಲ್ಲಿ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿದ್ದೆವು, ಕೊನೆಯದು 1968–69ರಲ್ಲಿ. ಕರ್ನಾಟಕ ಎಂಬ ಹೆಸರಿಗೆ ಮೊದಲ ಸಲ ಅದು ಸಿಕ್ಕಿದ್ದು 2023ರಲ್ಲಿ. ಎಲ್ಲಿ ಅಂತೀರಿ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ!

ವಾಪಸ್ ಬೀರೂರಿಗೆ ಬಂದು ಅಜ್ಜಂಪುರದ ಹಳಿ ಹಿಡಿಯೋಣ. ಅದು ನಮ್ಮನ್ನು ‘ದಾವಣಗೆರೆ ಎಕ್ಸ್‌ಪ್ರೆಸ್’ ವಿನಯ್ ಕುಮಾರ್ ಊರಿಗೆ ಒಯ್ಯುತ್ತದೆ. 2011ರ ಐಪಿಎಲ್‌ನಲ್ಲಿ ಅವರು ಆಡಿದ್ದು ಕೊಚ್ಚಿ ಟಸ್ಕರ್ಸ್‌ಗೆ. 14 ಪಂದ್ಯ, 6 ಗೆಲುವು, ಅದೇ ವರ್ಷ ತಂಡ ರದ್ದು! ಜಗಳ ಮಾತ್ರ ಸಾಯಲಿಲ್ಲ. ಈ ತಂಡದ ವಿಚಾರಕ್ಕೆ ಬಿಸಿಸಿಐ 538 ಕೋಟಿ ರೂಪಾಯಿ ಕೊಡಬೇಕೆಂಬ ತೀರ್ಪನ್ನು ಬಾಂಬೆ ಹೈಕೋರ್ಟ್ ಎತ್ತಿಹಿಡಿದದ್ದು 2025ರಲ್ಲಿ. ಆಡಿದ್ದು ಎರಡು ತಿಂಗಳೂ ಇಲ್ಲ, ವ್ಯಾಜ್ಯ 14 ವರ್ಷ!

ನಮ್ಮ ಮಲೆನಾಡಿನ ಹೆಸರಿನಲ್ಲೂ ಒಂದು ತಂಡವಿತ್ತು, ನೆನಪಿದೆಯೇ? ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಕ್ರಿಕೆಟ್‌ನ ಮಲ್ನಾಡ್ ಗ್ಲಾಡಿಯೇಟರ್ಸ್. 2009, 2010, ಅಷ್ಟೇ. ಮೂರು ವರ್ಷ ನಿಂತಿದ್ದ ಟೂರ್ನಿ 2014ರಲ್ಲಿ ಮತ್ತೆ ಶುರುವಾದಾಗ ಗ್ಲಾಡಿಯೇಟರ್ಸ್ ಇಲ್ಲ, ಸಿನಿಮಾ ನಟರ ‘ರಾಕ್‌ಸ್ಟಾರ್ಸ್’ ಇದೆ!

ಹಳಿಯಿಂದಿಳಿದು ರಾಜ್ಯದ ಬೇರೆ ಆಟಗಳತ್ತಲೂ ನೋಡೋಣ. ಹಾಕಿಯವರು 2012ರಲ್ಲಿ ‘ವರ್ಲ್ಡ್ ಸೀರೀಸ್ ಹಾಕಿ’ ಆರಂಭಿಸಿದರು. ಅದರಲ್ಲಿ ಕರ್ನಾಟಕ ಲಯನ್ಸ್ ಇತ್ತು. ಲೀಗ್ ನಡೆದದ್ದು ಒಂದೇ ಸಲ. ಶುರುವಾದ ದಿನ ಯಾವುದು ಗೊತ್ತೇ? ಫೆಬ್ರುವರಿ 29! ವಾರ್ಷಿಕೋತ್ಸವ ಮಾಡಬೇಕೆಂದರೂ ನಾಲ್ಕು ವರ್ಷ ಕಾಯಬೇಕಿತ್ತು.

ಇನ್ನು ಬ್ಯಾಡ್ಮಿಂಟನ್‌ನ ಬೆಂಗಳೂರು ರಾಪ್ಟರ್ಸ್. ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗನ್ನು ಸತತ ಎರಡು ಸಲ ಗೆದ್ದರು, ಎರಡನೆಯದು 2020ರ ಫೆಬ್ರುವರಿಯಲ್ಲಿ. ಆಮೇಲೆ ಲೀಗೇ ನಡೆಯಲಿಲ್ಲ. ಅಂದರೆ ಲೆಕ್ಕಕ್ಕೆ ಅವರು ಈಗಲೂ ಹಾಲಿ ಚಾಂಪಿಯನ್!