ಹಳೆಯ ಲಾರಿಯ ಹೊಟ್ಟೆಯಲ್ಲಿ ತುಕ್ಕು

ಚನ್ನಗಿರಿ ತಾಲ್ಲೂಕಿನ ನಲ್ಲೂರು ಅಡಕೆಯ ಸೀಮೆಗೆ ಸೇರಿದ ಊರು. ಭದ್ರಾ ನಾಲೆಯ ನೀರಿನಿಂದ ಹಸುರಾದ ಗದ್ದೆ ತೋಟಗಳು ಒಂದು ಕಡೆ, ಮಳೆಯನ್ನೇ ನಂಬಿದ ಮೆಕ್ಕೆಜೋಳದ ಹೊಲಗಳು ಇನ್ನೊಂದು ಕಡೆ. ಇವೆರಡೂ ಸಂಧಿಸುವ ತಾಲ್ಲೂಕು ಇದು. ಇಲ್ಲಿ ಬೆಳೆದುದು ಪೇಟೆಗೆ ಹೋಗಬೇಕು. ಪೇಟೆಯ ಗೊಬ್ಬರ, ಸಿಮೆಂಟು, ಕಬ್ಬಿಣ ಊರಿಗೆ ಬರಬೇಕು. ಈ ಭಾರವನ್ನು ಹೊರುವುದರಲ್ಲಿ ಹಳೆಯ ಲಾರಿಗಳ ಪಾಲು ಸಣ್ಣದಲ್ಲ.

ಇಂಥ ಲಾರಿಗೆ ಒಡೆಯನೂ ಚಾಲಕನೂ ಅನೇಕ ವೇಳೆ ಒಬ್ಬನೇ. ಮಗಳ ಕಾಲೇಜಿನ ಶುಲ್ಕ, ತಾಯಿಯ ಔಷಧ, ಸಹಕಾರ ಸಂಘದ ಸಾಲದ ಕಂತು ಎಲ್ಲವೂ ಆ ಆರು ಚಕ್ರಗಳ ಮೇಲೆಯೇ ಉರುಳಬೇಕು. ಒಂದು ಬೆಳಗ್ಗೆ ಕ್ಲೀನರ್ ಹುಡುಗ ಬಗ್ಗಿ ನೋಡಿ, “ಅಣ್ಣಾ, ಟ್ಯಾಂಕಿನ ಕೆಳಗೆ ನೆಲ ಹಸಿ ಆಗೈತೆ ನೋಡ್ರಿ” ಎಂದನೆಂದರೆ ಅದು ಸಣ್ಣ ಮಾತಲ್ಲ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿಗಳಾದವು. ಡೀಸೆಲಿನ ಹನಿ ನೀರಿನ ಹನಿಗಿಂತ ಚಿಕ್ಕದೆಂದು ಇಟ್ಟುಕೊಂಡರೂ ಎರಡು ಲೀಟರಿಗೆ ಕಡಮೆಯಿಲ್ಲದ ನಷ್ಟ. ಅದಕ್ಕಿಂತ ಕೆಟ್ಟದ್ದೆಂದರೆ, ರಸ್ತೆಯ ತಿರುವಿನಲ್ಲಿ ಸೋರಿದ ಡೀಸೆಲಿನ ಮೇಲೆ ಹಿಂದಿನಿಂದ ಬರುವ ಮೋಟಾರು ಸೈಕಲ್ ಸವಾರ ಜಾರಿ ಬೀಳುವುದು.

ಟ್ಯಾಂಕು ಸದಾ ಎಣ್ಣೆಯಲ್ಲಿಯೇ ಮುಳುಗಿರುವಾಗ ಅದಕ್ಕೆ ತುಕ್ಕು ಹಿಡಿಯುವುದೆಂತು ಎಂದು ವಾಚಕರು ಕೇಳಬಹುದು. ಅಪರಾಧಿ ಎಣ್ಣೆಯಲ್ಲ, ನೀರು. ಸಂಜೆ ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ಉಳಿದರ್ಧ ಗಾಳಿ ತುಂಬಿರುತ್ತದೆ. ರಾತ್ರಿಯ ತಂಪಿಗೆ ಆ ಗಾಳಿಯ ತೇವ, ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಬೆವರೊಡೆದಂತೆ, ತಗಡಿನ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ. ಡೀಸೆಲಿಗಿಂತ ನೀರು ಭಾರವಾದುದರಿಂದ ಅದು ತಳ ಸೇರಿ ಅಲ್ಲಿಯೇ ನಿಲ್ಲುತ್ತದೆ. ನೀರೂ ಎಣ್ಣೆಯೂ ಕೂಡುವ ಗಡಿಯಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳು ಸಹ ಬೆಳೆದು, ಲೋಳೆಯನ್ನೂ ಆಮ್ಲವನ್ನೂ ಉಂಟುಮಾಡುತ್ತವೆ. ವರ್ಷಗಳು ಕಳೆದಂತೆ ತಳದ ತಗಡು ಒಳಗಿನಿಂದಲೇ ತೆಳುವಾಗುತ್ತದೆ. ಹೊರಗಿನ ದಾಳಿ ಬೇರೆ: ಟ್ಯಾಂಕನ್ನು ಕಟ್ಟಿಹಿಡಿದ ಪಟ್ಟಿಯ ಕೆಳಗೆ ಕೆಸರು ಸೇರಿ, ಮಳೆಗಾಲವಿಡೀ ಆರದೆ ಉಳಿಯುತ್ತದೆ. ಪಟ್ಟಿ ಬಿಚ್ಚುವವರೆಗೆ ಅಲ್ಲಿನ ಸ್ಥಿತಿ ಯಾರ ಕಣ್ಣಿಗೂ ಬೀಳುವುದಿಲ್ಲ.

ತುಕ್ಕಿನ ಹುಡಿ ಟ್ಯಾಂಕಿನಲ್ಲಿಯೇ ಇದ್ದರೆ ಚಿಂತೆಯಿರಲಿಲ್ಲ. ಅದು ಎಣ್ಣೆಯೊಡನೆ ಹೊರಟು ಮೊದಲು ಫಿಲ್ಟರನ್ನು ಕಟ್ಟುತ್ತದೆ. ಲಾರಿ ಭಾರ ಹೊತ್ತು ಏರು ಹತ್ತುವಾಗ ಉಸಿರುಗಟ್ಟಿದಂತೆ ಬಿಕ್ಕುತ್ತದೆ. ನುಣುಪಾದ ಹುಡಿ ಫಿಲ್ಟರನ್ನೂ ದಾಟಿದರೆ ಹೋಗಿ ಸೇರುವುದು ಡೀಸೆಲ್ ಪಂಪಿಗೆ. 1951 ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈಕೋ (ಈಗಿನ ಬಾಷ್) ಹೆಸರಾದುದು ಇಂಥ ಪಂಪುಗಳಿಂದಲೇ. ಅದರೊಳಗಿನ ಕೊಂತಕ್ಕೂ ಕೊಳವೆಗೂ ನಡುವಣ ಸಂದು ತಲೆಗೂದಲಿನ ದಪ್ಪದಲ್ಲಿ ಹತ್ತನೆಯ ಒಂದು ಪಾಲಿಗಿಂತಲೂ ಕಿರಿದು. ಅಲ್ಲಿ ತುಕ್ಕು ಉಜ್ಜಿತೆಂದರೆ ಟ್ಯಾಂಕಿನ ಬೆಲೆ ಪಂಪಿನ ದುರಸ್ತಿಯ ಮುಂದೆ ಅಗ್ಗವಾಗಿ ತೋರುತ್ತದೆ.

ಸೋರುವ ಜಾಗವನ್ನು ಗುರುತಿಸುವುದೇ ಒಂದು ಜಾಣತನ. ಹನಿ ಬೀಳುವೆಡೆಯಲ್ಲಿಯೇ ತೂತು ಇರಬೇಕೆಂದಿಲ್ಲ. ಮೇಲಿನ ಕೊಳವೆಯ ಜೋಡಣೆಯಿಂದ ಇಳಿದು ಬಂದಿರಬಹುದು. ಮೈಯನ್ನು ಒರೆಸಿ ಒಣಗಿಸಿ, ಸೀಮೆಸುಣ್ಣದ ಹುಡಿಯನ್ನು ಬಳಿದರೆ, ಎಣ್ಣೆ ಹೊರಟ ಕಡೆಯಿಂದ ಕಪ್ಪು ಗೆರೆಯೊಂದು ಮೂಡುತ್ತದೆ. ಆಮೇಲೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಸುತ್ತಲೂ ಮೆಲ್ಲನೆ ತಟ್ಟಿ ನೋಡಬೇಕು. ಗಟ್ಟಿ ತಗಡು ದನಿಗೊಡುತ್ತದೆ. ಕೊಳೆತ ತಗಡು ಮಂಕಾಗಿ ಸದ್ದು ಮಾಡುತ್ತದೆ. ಮಡಕೆ ಕೊಳ್ಳುವ ಗೃಹಿಣಿ ಬೆರಳಿನಿಂದ ಮಾಡುವ ಪರೀಕ್ಷೆಯೇ ಇದು.

ದಾರಿಯಲ್ಲಿ ತೂತು ಬಿದ್ದರೆ ಚಾಲಕರು ಬಾರ್ ಸಾಬೂನನ್ನು ತೂತಿಗೆ ಒತ್ತಿ ಉಜ್ಜುತ್ತಾರೆ. ನಗಬೇಕಾಗಿಲ್ಲ. ನೀರಿನಲ್ಲಿ ಕರಗುವ ಸಾಬೂನು ಡೀಸೆಲಿನಲ್ಲಿ ಕರಗದು. ಊರು ಸೇರುವವರೆಗೆ ಅದು ನಿಲ್ಲುತ್ತದೆ, ಮಳೆ ಬಾರದಿದ್ದರೆ. ಎಂ-ಸೀಲಿನಂಥ ಅಂಟನ್ನು ಹಚ್ಚುವವರು ಎಣ್ಣೆ ಜಿನುಗುತ್ತಿರುವಾಗಲೇ ಹಚ್ಚಿ, ಅದು ಎರಡು ದಿನಕ್ಕೆ ಕಿತ್ತುಬಂದಾಗ ಅಂಟನ್ನು ಬೈಯುತ್ತಾರೆ. ತಗಡನ್ನು ಹೊಳೆಯುವಂತೆ ಉಜ್ಜಿ, ಜಿಡ್ಡು ತೆಗೆದು, ಪೂರ್ಣ ಒಣಗಿದ ಮೇಲೆ ಹಚ್ಚಿದರೆ ಮಾತ್ರ ಅದಕ್ಕೆ ಹಿಡಿತ. ಆದರೂ ಅದು ತೇಪೆಯೇ. ತುಕ್ಕಿನ ಒಂದು ತೂತು ಕಂಡಿತೆಂದರೆ ಪಕ್ಕದಲ್ಲಿ ಹತ್ತು ತೂತುಗಳು ಸರದಿ ಕಾಯುತ್ತಿರುತ್ತವೆ.

ಇನ್ನು ಬೆಸುಗೆಯ ವಿಷಯ. ಇಲ್ಲಿ ಪ್ರಾಣದ ಪ್ರಶ್ನೆಯೇ ಬರುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯಕರವೆಂಬುದು ಕೇಳುವವರಿಗೆ ವಿಚಿತ್ರವಾಗಿ ತೋರಬಹುದು. ಉರಿಯುವುದು ದ್ರವವಲ್ಲ, ಗಾಳಿಯೊಡನೆ ಬೆರೆತ ಅದರ ಆವಿ. ಡೀಸೆಲು ಪೆಟ್ರೋಲಿನಂತೆ ತಟ್ಟನೆ ಆವಿಯಾಗದು ನಿಜ. ಆದರೆ ಬೆಸುಗೆಯ ಜ್ವಾಲೆ ತಗಡನ್ನು ಕೆಂಪಗೆ ಮಾಡಿದಾಗ ಒಳಗೆ ಮೂಲೆಯಲ್ಲಿ ಅಡಗಿದ ಎಣ್ಣೆಯ ಪದರವೂ, ತುಕ್ಕು ಹೀರಿಕೊಂಡ ಎಣ್ಣೆಯೂ ಆವಿಯಾಗಿ ಒಮ್ಮೆಲೇ ಸಿಡಿಯುತ್ತವೆ. ಮೂಸಿ ನೋಡಿ ವಾಸನೆಯಿಲ್ಲವೆಂದು ಹೇಳುವುದು ಪರೀಕ್ಷೆಯಲ್ಲ. ಲಾರಿಯ ಹೊಗೆಯನ್ನು ಟ್ಯಾಂಕಿಗೆ ಬಿಟ್ಟರೆ ಸಾಕೆಂಬ ನಂಬಿಕೆಯೂ ಕೆಲವರಲ್ಲಿದೆ; ಸುಮ್ಮನೆ ಓಡುತ್ತಿರುವ ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ಆಮ್ಲಜನಕ ಬೇಕಾದಷ್ಟು ಉಳಿದಿರುತ್ತದೆಂಬುದನ್ನು ಅವರು ಬಲ್ಲವರಲ್ಲ.

ಬಲ್ಲ ಮೇಸ್ತ್ರಿ ಅವಸರಪಡುವುದಿಲ್ಲ. ಟ್ಯಾಂಕನ್ನು ಲಾರಿಯಿಂದ ಇಳಿಸಿ, ಸೋಪಿನ ಹುಡಿ ಬೆರೆಸಿದ ಬಿಸಿನೀರಿನಿಂದ ಮತ್ತೆ ಮತ್ತೆ ತೊಳೆದು, ಸಾಧ್ಯವಾದರೆ ಒಳಗೆ ನೀರಾವಿ ಹಾಯಿಸುತ್ತಾನೆ. ಬೆಸೆಯಬೇಕಾದ ತಾಣ ಮೇಲೆ ಬರುವಂತೆ ಇಟ್ಟು, ಅದರ ಅಂಚಿನವರೆಗೂ ನೀರು ತುಂಬಿ, ಮುಚ್ಚಳ ಕೊಳವೆಗಳ ಬಾಯಿಗಳನ್ನೆಲ್ಲ ತೆರೆದಿಡುತ್ತಾನೆ. ಒಂದು ದಿನದ ಬಾಡಿಗೆ ಹೋಯಿತೆಂದು ಮಾಲೀಕ ಗೊಣಗಿದರೂ ಅವನು ಒಪ್ಪಬಾರದು. ನೀರು ತುಂಬಲು ಮನಸ್ಸಿಲ್ಲದ ಗ್ಯಾರೇಜಿನ ಮುಂದೆ ಲಾರಿ ನಿಲ್ಲಿಸದಿರುವುದೇ ಲೇಸು.

ತಗಡು ಇನ್ನೂ ದಪ್ಪವಾಗಿದ್ದು ತುಕ್ಕು ಮೇಲ್ಮೈಯಲ್ಲಿ ಮಾತ್ರ ಇದ್ದರೆ, ತೊಳೆದ ಟ್ಯಾಂಕಿನೊಳಗೆ ಕಬ್ಬಿಣದ ಸರಪಳಿಯ ತುಂಡನ್ನು ಹಾಕಿ ಕುಲುಕುವುದುಂಟು. ಬಳಿಕ ಫಾಸ್ಫಾರಿಕ್ ಆಮ್ಲದ ತೆಳು ದ್ರಾವಣ, ಆಮೇಲೆ ಸೋಡಾ ನೀರು, ಕೊನೆಗೆ ಚೆನ್ನಾಗಿ ಒಣಗಿಸಿ ಎಣ್ಣೆ ಸವರುವುದು. ಒದ್ದೆಯಾಗಿಯೇ ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ಹೊಸ ತುಕ್ಕು ಕೆಂಪೇರುತ್ತದೆ. ಟ್ಯಾಂಕಿನ ನಡುವೆ, ಎಣ್ಣೆ ತುಳುಕದಿರಲೆಂದು ಇಟ್ಟ ಅಡ್ಡಗೋಡೆಗಳ ಹಿಂದೆ ಸರಪಳಿ ತಲುಪದು. ಅಲ್ಲಿಯೇ ತುಕ್ಕು ಹೆಚ್ಚಾಗಿದ್ದರೆ ಹೊಸ ಟ್ಯಾಂಕು ತರುವುದೇ ದಾರಿ. ಎಂಟು ವರ್ಷ ದಾಟಿದ ಲಾರಿ ವರ್ಷ ವರ್ಷವೂ ಎಫ್.ಸಿ.ಗೆ ನಿಲ್ಲಬೇಕಾಗಿರುವಾಗ, ಸೋರುವ ಟ್ಯಾಂಕನ್ನು ಮುಚ್ಚಿಟ್ಟು ಫಲವಿಲ್ಲ.

ಹೊಸದನ್ನು ಕೂರಿಸಿದವರು ಸಂಜೆಯೇ ಡೀಸೆಲ್ ತುಂಬಿಸಿ ನಿಲ್ಲಿಸುವುದು, ಆಗಾಗ ತಳದ ತಿರುಪು ಬಿಚ್ಚಿ ನಿಂತ ನೀರನ್ನು ಹೊರಬಿಡುವುದು, ಪಟ್ಟಿಯಡಿಯ ಕೆಸರು ತೊಳೆಯುವುದು, ಇಷ್ಟನ್ನು ಮಾಡಿದರೆ ಬಹಳ ವರ್ಷ ನಿಶ್ಚಿಂತೆ. ತೆಗೆದ ಹಳೆಯ ಟ್ಯಾಂಕು ಗುಜರಿಗೆ ಹೋಗುತ್ತದೆ. ಅಲ್ಲಿಯೂ ಅದನ್ನು ಗ್ಯಾಸಿನಿಂದ ಕತ್ತರಿಸುವವನೊಬ್ಬ ಇರುತ್ತಾನಾದುದರಿಂದ, ಕೊಡುವ ಮುನ್ನ ತೊಳೆದು, ಬಾಯಿಗಳನ್ನೆಲ್ಲ ತೆರೆದು, ಅದು ಡೀಸೆಲಿನ ಟ್ಯಾಂಕೆಂದು ಅವನಿಗೆ ಬಾಯಿಬಿಟ್ಟು ಹೇಳಿ ಬರಬೇಕು.