ಚಿಪ್ ಮೇಲೆ ಒಂದು ಹನಿ ರಕ್ತ ಹಾಕಿದರೆ ಎಲ್ಲ ಕಾಯಿಲೆ ಗೊತ್ತಾಗುತ್ತದೆಯೇ?

‘ಒಂದೇ ಹನಿ ರಕ್ತ, ಎರಡೇ ನಿಮಿಷ, ಡಿಎನ್‌ಎ ಚಿಪ್ ಎಲ್ಲ ಕಾಯಿಲೆ ಹೇಳುತ್ತದೆ’ ಎನ್ನುವ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಡಿಎನ್‌ಎ ಗುರುತಿಸುವ ಚಿಪ್‌ಗಳು ಇರುವುದು ನಿಜ. ಉಳಿದದ್ದು ಉತ್ಪ್ರೇಕ್ಷೆ. ಯಾಕೆ ಎಂದು ನೋಡೋಣ.

ಚಿಪ್ ಕೆಲಸ ಮಾಡುವುದು ಹೇಗೆ?

ಡಿಎನ್‌ಎಯಲ್ಲಿ ಎರಡು ಎಳೆಗಳಿರುತ್ತವೆ. ಒಂದರ ‘ಎ’ಗೆ ಇನ್ನೊಂದರ ‘ಟಿ’, ‘ಜಿ’ಗೆ ‘ಸಿ’ ಜೋಡಿ. ಬಯೋಸೆನ್ಸರ್‌ನ ಚಿನ್ನದ ಅಥವಾ ಗಾಜಿನ ಮೇಲ್ಮೈ ಮೇಲೆ ಒಂಟಿ ಎಳೆಗಳನ್ನು ಅಂಟಿಸಿರುತ್ತಾರೆ. ಮಾದರಿಯಲ್ಲಿ ಅವುಗಳಿಗೆ ಹೊಂದುವ ಎಳೆ ಇದ್ದರೆ ಬಂದು ಸೇರಿಕೊಳ್ಳುತ್ತದೆ. ಇದೇ ಹೈಬ್ರಿಡೈಸೇಶನ್. ಅಂದರೆ ಯಾವ ಎಳೆ ಅಂಟಿಸಿದ್ದೇವೋ ಅದರ ಜೋಡಿಯಷ್ಟೇ ಸಿಗುತ್ತದೆ. ‘ಎಲ್ಲ ಕಾಯಿಲೆ’ ಎಂಬ ಮಾತು ಇಲ್ಲೇ ಬಿದ್ದುಹೋಯಿತು.

ಜೋಡಿ ಇದ್ದರೂ ಸೇರದಿರಬಹುದು!

ಉಷ್ಣತೆ: ಎ-ಟಿ ನಡುವೆ ಎರಡು ಹೈಡ್ರೋಜನ್ ಬಂಧ, ಜಿ-ಸಿ ನಡುವೆ ಮೂರು. 20 ಅಕ್ಷರಗಳ ಎಳೆಯಲ್ಲಿ ಎರಡೂ ಬಗೆ ಅರ್ಧರ್ಧ ಇದ್ದರೆ, ಸ್ಥೂಲ ಲೆಕ್ಕದಲ್ಲಿ 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಜೋಡಿ ಬಿಡತೊಡಗುತ್ತದೆ. ಬಿಸಿ ಹೆಚ್ಚಾದರೆ ಸರಿಯಾದ ಜೋಡಿಯೂ ನಿಲ್ಲದು. ಕಡಿಮೆಯಾದರೆ ತಪ್ಪು ಜೋಡಿಯೂ ಅಂಟಿಕೊಳ್ಳುತ್ತದೆ. ಕುಡಗೋಲು ಕಣ ರೋಗಕ್ಕೆ (ಸಿಕಲ್ ಸೆಲ್) ಕಾರಣ ಒಂದು ಜೀನಿನಲ್ಲಿ ಒಂದೇ ಅಕ್ಷರದ ಬದಲಾವಣೆ. ಉಷ್ಣತೆ ಸರಿಯಿಲ್ಲದಿದ್ದರೆ ಚಿಪ್‌ಗೆ ಆ ವ್ಯತ್ಯಾಸವೇ ಕಾಣದೆ ಹೋಗಬಹುದು.

ಉಪ್ಪು: ಡಿಎನ್‌ಎ ಎಳೆಗಳೆಲ್ಲವೂ ಋಣ ವಿದ್ಯುದಂಶ ಹೊತ್ತಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ದ್ರಾವಣದಲ್ಲಿರುವ ಸೋಡಿಯಂ ಅಯಾನುಗಳು ಈ ತಳ್ಳಾಟವನ್ನು ತಗ್ಗಿಸುತ್ತವೆ. ಉಪ್ಪು ಕಡಿಮೆಯಾದರೆ ಎಳೆಗಳು ಹತ್ತಿರ ಬರುವುದಿಲ್ಲ, ಅತಿಯಾದರೆ ತಪ್ಪು ಜೋಡಿಯೂ ಗಟ್ಟಿಯಾಗುತ್ತದೆ.

ಎಳೆಗಳ ಸಾಂದ್ರತೆ: ಹೆಚ್ಚು ಎಳೆ ಅಂಟಿಸಿದರೆ ಹೆಚ್ಚು ಫಲ ಎನಿಸಬಹುದು. ಆದರೆ ಭತ್ತದ ಪೈರನ್ನು ತೀರಾ ಒತ್ತಾಗಿ ನಾಟಿ ಮಾಡಿದರೆ ಏನಾಗುತ್ತದೆ? ಇಲ್ಲೂ ಹಾಗೆಯೇ. ಒಂದು ಚದರ ಸೆಂಟಿಮೀಟರಿಗೆ ಸುಮಾರು 10 ಲಕ್ಷ ಕೋಟಿ ಎಳೆ ಅಂಟಿಸಿದರೆ, ಹತ್ತರಲ್ಲಿ ಒಂದಕ್ಕಷ್ಟೇ ಜೋಡಿ ಸಿಗುವುದುಂಟು. ಹೊರಗಿನಿಂದ ಬರುವ ಎಳೆಗೆ ಒಳನುಗ್ಗಲು ಜಾಗವೇ ಇರುವುದಿಲ್ಲ. ಇನ್ನು ಎಳೆಗಳು ಚಿನ್ನದ ಮೇಲೆ ಮಲಗಿಬಿಟ್ಟರೂ ಕಷ್ಟ. ಅದಕ್ಕೆ ನಡುನಡುವೆ ಬೇರೆ ಪುಟ್ಟ ಅಣುಗಳನ್ನು ತುಂಬಿ ಅವನ್ನು ನೆಟ್ಟಗೆ ನಿಲ್ಲಿಸುತ್ತಾರೆ.

ಸಮಯ: ಮಾದರಿಯಲ್ಲಿರುವ ಎಳೆ ಅಲೆದಾಡುತ್ತಾ ಮೇಲ್ಮೈ ತಲುಪಬೇಕು. ಕೆಲವು ಮೈಕ್ರೊಅರೇ ಚಿಪ್‌ಗಳನ್ನು ಇದಕ್ಕಾಗಿ 45 ಡಿಗ್ರಿಯಲ್ಲಿ 16 ಗಂಟೆ ಇಡುತ್ತಾರೆ.

ರಕ್ತ: ಅದರಲ್ಲಿರುವ ಪ್ರೋಟೀನುಗಳು ಮೇಲ್ಮೈಗೆ ಮೆತ್ತಿಕೊಂಡು ಅಡ್ಡಿಯಾಗುತ್ತವೆ. ಹಾಗಾಗಿ ಸಾಮಾನ್ಯವಾಗಿ ಮೊದಲು ಡಿಎನ್‌ಎಯನ್ನು ಬೇರ್ಪಡಿಸಿಕೊಳ್ಳಬೇಕು.

ಹಾಗಾದರೆ ಚಿಪ್ ಪರೀಕ್ಷೆ ನಂಬಬಾರದೇ?

ಖಂಡಿತ ನಂಬಬಹುದು, ಸರಿಯಾಗಿ ರೂಪಿಸಿ, ಪರೀಕ್ಷಿಸಿ, ಮಾನ್ಯತೆ ಪಡೆದಿದ್ದರೆ. ಕ್ಷಯರೋಗ ಪತ್ತೆಗೆ ಬಳಸುವ, ಭಾರತದಲ್ಲೇ ರೂಪುಗೊಂಡ ಟ್ರೂನ್ಯಾಟ್‌ನಲ್ಲೂ ಪುಟ್ಟ ಚಿಪ್ ಇದೆ. ಆದರೆ ಅದರ ವಿಧಾನ ಬೇರೆ. ಕಫದಿಂದ ಡಿಎನ್‌ಎ ಬೇರ್ಪಡಿಸಿ, ಬಿಸಿ-ತಂಪು ಮಾಡುತ್ತಾ ಪಿಸಿಆರ್ ವಿಧಾನದಲ್ಲಿ ಅದರ ಪ್ರತಿಗಳನ್ನು ಹೆಚ್ಚಿಸಿ ಗುರುತಿಸುತ್ತಾರೆ. ಫಲಿತಾಂಶಕ್ಕೆ ಸುಮಾರು ಒಂದು ಗಂಟೆ ಬೇಕು.

ಮುಂದಿನ ಸಲ ಇಂಥ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಕಾಯಿಲೆಗೆ? ಯಾವ ಮಾದರಿಯಿಂದ? ಮಾನ್ಯತೆ ಕೊಟ್ಟವರು ಯಾರು? ಉತ್ತರವಿಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿ ಯಾರಾದರೂ ‘ನನಗೇನೂ ಇಲ್ಲ’ ಎಂದು ಸುಮ್ಮನಾದರೆ, ಚಿಕಿತ್ಸೆ ತಡವಾಗುತ್ತದೆ. ಚಿಪ್ ಏನೇ ಹೇಳಲಿ, ಎರಡು ವಾರ ದಾಟಿದ ಕೆಮ್ಮಿದ್ದರೆ ವೈದ್ಯರನ್ನು ಕಾಣಿ.