ಹಿತ್ತಾಳೆ ಲೆನ್ಸಿಗೊಂದು ಕಪ್ಪು ಪಟ್ಟಿ

ಗೋಕಾಕದ ಹಳೆಯ ಸ್ಟುಡಿಯೊವೊಂದರ ಅಟ್ಟದಿಂದ ಇಳಿದ ಹಿತ್ತಾಳೆ ಲೆನ್ಸಿನ ನಡುವೆ ಅಡ್ಡಕ್ಕೊಂದು ಸೀಳು. "ಇದರ ಪಟ್ಟಿ ಎಲ್ಲಾ ಕಳದಾವ್ರಿ, ಲೆನ್ಸ್ ಅಷ್ಟ ಉಳದೈತಿ," ಅಂದರು ಸ್ಟುಡಿಯೊ ಕಾಕಾ. ನನಗಂತೂ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಇಂಥ ಹಿತ್ತಾಳೆ ಲೆನ್ಸುಗಳ ಪೈಕಿ 1840ರ ಪೆಟ್ಸ್‌ವಾಲ್ ಲೆನ್ಸ್ ಬೆಳಕನ್ನು ಧಾರಾಳವಾಗಿ ಒಳಬಿಟ್ಟು ಮುಖಚಿತ್ರಕ್ಕೆ ಹೆಸರಾಯಿತು. ಚಿತ್ರದ ಅಂಚು ಮಾತ್ರ ಕಲಸಿಹೋಗುತ್ತಿತ್ತು. ಅದನ್ನು ಹದಕ್ಕೆ ತರಲು, ತೂತು ಕೊರೆದ ಪಟ್ಟಿಯನ್ನು ಸೀಳಿನಲ್ಲಿ ಇಳಿಸುವ ಉಪಾಯವನ್ನು 1858ರಲ್ಲಿ ಇಂಗ್ಲೆಂಡಿನ ಜಾನ್ ವಾಟರ್‌ಹೌಸ್ ಕೊಟ್ಟ. ಮುಂದೆ, ತಿರುಗಿಸಿದರೆ ತೂತು ಹಿಗ್ಗಿ ಕುಗ್ಗುವ ಐರಿಸ್ ಬಳಕೆಗೆ ಬಂತು, ಪಟ್ಟಿಗಳು ಮೂಲೆ ಸೇರಿದವು. ಪಟ್ಟಿಯಿಲ್ಲದ ಲೆನ್ಸಿಗೆ ಪಾಲಿಶ್ ಹಚ್ಚಿ ಶೋಕೇಸಿನಲ್ಲಿ ಕೂಡಿಸುವುದು ನನಗೆ ಸರಿಬರುವುದಿಲ್ಲ. ಅದು ಕೆಲಸ ಮಾಡಬೇಕು.

ಲೆಕ್ಕ ಸುಲಭದ್ದೆನಿಸುತ್ತದೆ. ನಮ್ಮ ಲೆನ್ಸಿನ ಫೋಕಲ್ ಲೆಂತ್ 240 ಮಿಲಿಮೀಟರ್. ಎಫ್ 8 ಎಂಬ ತೂತಿನಳತೆ ಬೇಕಾದರೆ 240ನ್ನು 8ರಿಂದ ಭಾಗಿಸಿ 30 ಮಿ.ಮೀ. ತೂತು ಕೊರೆಯಬೇಕು. ಹಾಗೆ ಕೊರೆದರೆ ತಪ್ಪುತ್ತದೆ! ಪಟ್ಟಿ ಕೂರುವುದು ಗಾಜುಗಳ ನಡುವೆ. ಮುಂದಿನ ಗಾಜು ಭೂತಕನ್ನಡಿಯಂತೆ ತೂತನ್ನು ಹಿಗ್ಗಿಸುತ್ತದೆ, ಬೆಳಕಿಗೆ ಲೆಕ್ಕ ಆ ಹಿಗ್ಗಿದ ತೂತಿನದು. ಎಷ್ಟು ಹಿಗ್ಗುತ್ತದೆಂದು ತಿಳಿಯುವ ಬಗೆ ನನಗೆ ಬಲು ಪ್ರೀತಿಯದು. ಲೆನ್ಸ್ ಕೂಡಿಸಿದ ಕ್ಯಾಮೆರಾವನ್ನು ದೂರದ ಗುಡ್ಡಕ್ಕೆ ಫೋಕಸ್ ಮಾಡಿ, ಹಿಂದೆ ಚಿತ್ರ ಮೂಡುವ ಗ್ರೌಂಡ್ ಗ್ಲಾಸ್ ತೆಗೆದು ಅದೇ ಜಾಗದಲ್ಲಿ ನಟ್ಟನಡುವೆ ಸೂಜಿತೂತಿರುವ ರಟ್ಟು ಇಟ್ಟೆವು. ಕೋಣೆ ಕತ್ತಲು ಮಾಡಿ ಹಿಂದಿನಿಂದ ಟಾರ್ಚ್ ಹಿಡಿದೆವು. ಲೆನ್ಸಿನ ಬಾಯಿಗೆ ಟ್ರೇಸಿಂಗ್ ಪೇಪರ್ ಹಿಡಿದರೆ ದುಂಡನೆಯ ಬೆಳಕಿನ ಬಿಲ್ಲೆ! 20 ಮಿ.ಮೀ. ತೂತಿನ ಪಟ್ಟಿಗೆ ಬಿಲ್ಲೆ 24 ಬಂತು. ಅಂದರೆ 1.2 ಪಟ್ಟು. ಎಫ್ 8ಕ್ಕೆ 25 ಮಿ.ಮೀ. ಸಾಕು, ಎಫ್ 16ಕ್ಕೆ ಹನ್ನೆರಡೂವರೆ. ಕಾಕಾ ಟೇಪು ಬಿಟ್ಟು ವರ್ನಿಯರ್ ತಂದು ಮತ್ತೆ ಅಳೆದರು.

ಮೊದಲ ಪಟ್ಟಿಗಳಿಗೆ ಫೋಟೊ ಪೇಪರ್ ಸುತ್ತಿ ಬರುವ ಕಪ್ಪು ಕಾಗದವೇ ಸಾಕಾಯಿತು: ಎರಡು ಪದರ ಅಂಟಿಸಿ, ಕೈವಾರದಿಂದ ವೃತ್ತ ಎಳೆದು, ಬ್ಲೇಡಿನಿಂದ ಕೊಯ್ದು, ಅಂಚನ್ನು ಮರಳುಕಾಗದದಲ್ಲಿ ಉಜ್ಜಿದ್ದು. ಹಿತ್ತಾಳೆ ಪಟ್ಟಿಗಳನ್ನು ಮೂಡಲಗಿಯ ಪತ್ತಾರರೊಬ್ಬರು ಸಣ್ಣ ಗರಗಸದಲ್ಲಿ ಕೊರೆದುಕೊಟ್ಟರು. ಬಳೆ ಕೊರೆದಷ್ಟೇ ನಯ. ಹೊಳೆಯುವ ಲೋಹ ಲೆನ್ಸಿನೊಳಗೆ ಬೆಳಕು ಚೆಲ್ಲಿ ಚಿತ್ರವನ್ನು ಮಂಕು ಮಾಡುತ್ತದೆ, ಹಾಗಾಗಿ ಮಂದ ಕಪ್ಪು ಬಣ್ಣ ಬಳಿಯಲೇಬೇಕು. ನನ್ನ ಒಲವು ಇಂದಿಗೂ ಕಾಗದದ ಕಡೆಗೇ.

ಪರೀಕ್ಷೆಗೆ ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳ ಮುಂದೆ ನಿಂತೆವು. ಈ ಸೀಮೆಯ ಕಟ್ಟಡಗಳಿಗೆ ಕ್ಯಾಮೆರಾ ಹೊಸದಲ್ಲ. ಬಿಗ್ಸ್, ಪಿಗೌ, ನೀಲ್ ಎಂಬ ಛಾಯಾಗ್ರಾಹಕರು ತೆಗೆದ ಚಿತ್ರಗಳಿಂದ ಧಾರವಾಡ–ಮೈಸೂರು ವಾಸ್ತುಶಿಲ್ಪದ ಗ್ರಂಥ 1866ರಲ್ಲೇ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಲೆನ್ಸಿಗೆ ಶಟರ್ ಇಲ್ಲ, ಮುಚ್ಚಳ ತೆಗೆದು ಹಾಕುವುದೇ ಶಟರ್. ನೆಗೆಟಿವ್‌ಗೆ ಫೋಟೊ ಪೇಪರ್, ಬೆಳಕು ಹಿಡಿಯುವ ಅದರ ವೇಗ ಐಎಸ್‌ಒ 6ರ ಆಸುಪಾಸು. ಉರಿಬಿಸಿಲಲ್ಲಿ ಎಫ್ 4 ಇಟ್ಟರೆ ಸೆಕೆಂಡಿನ ನೂರನೇ ಒಂದು ಪಾಲು ಸಾಕು, ಯಾವ ಕೈಗೆ ಸಾಧ್ಯ? ಆರು ಮಿ.ಮೀ.ಗಿಂತ ತುಸು ದೊಡ್ಡ ತೂತಿನ ಎಫ್ 32 ಪಟ್ಟಿ ಇಳಿಸಿದಾಗ ಮುಚ್ಚಳ ಎತ್ತಿ ಇಳಿಸಲು ಮುಕ್ಕಾಲು ಸೆಕೆಂಡಿನಷ್ಟು ವ್ಯವಧಾನ ಸಿಕ್ಕಿತು. ನೆಗೆಟಿವ್‌ನಲ್ಲಿ ಗುಮ್ಮಟದ ಅಂಚಿನ ಕಲ್ಲುಗಳೂ ಬೇರೆಬೇರೆಯಾಗಿ ಕಂಡವು. ಎಫ್ 8ರಲ್ಲಿ, ಮೋಡ ಕವಿದಾಗ ತೆಗೆದ ಕಾಕಾರ ಮುಖಚಿತ್ರದಲ್ಲಿ ಕಣ್ಣು ಚೂಪಾಗಿದ್ದು, ಕಿವಿಯಿಂದಾಚೆ ಮೆಲ್ಲಗೆ ಕರಗಿತ್ತು. ನನ್ನ ಮೇಜಿನ ಮೇಲಿರುವುದು ಆ ಚಿತ್ರವೇ.